ಹುಳು ಎಣಿಸುವ ಸೋಮವಾರ

ಏಕೀಕರಣವಾದ ಹೊಸತು. ನಮ್ಮ ಗದಗು ಮುಂಬಯಿ ಸರಕಾರದ ಕೈಯಿಂದ ಮೈಸೂರು ರಾಜ್ಯದ ಕೈಗೆ ಬಂದಿತ್ತು. ಕಚೇರಿಯಲ್ಲಿ ಮುಂಬಯಿ ಮುದ್ರೆಯ ಕಾಗದ ಮಾತ್ರ ಇನ್ನೂ ಮುಗಿದಿರಲಿಲ್ಲ. ಅಂಥ ಶುಭಮುಹೂರ್ತದಲ್ಲಿ ಕೀಟಶಾಸ್ತ್ರದ ಸಾಹೇಬರೊಬ್ಬರು ಹತ್ತಿಯ ಕಾಯಿಕೊರಕ ಹುಳುವಿನ ಸ್ವಭಾವವನ್ನು ಅರಿಯಲು ಹತ್ತಿರದ ಹರ್ತಿ ಗ್ರಾಮಕ್ಕೆ ದಯಮಾಡಿಸಿದರು. ಅವರ ಹಿಂದೆ ಹುಳು ಎಣಿಸುವ ಹಂಗಾಮಿ ನೌಕರನಾಗಿ ನಾನು. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದ ನನಗೆ ಹತ್ತಿ ಎಂದರೆ ನೂಲಾಗಿ ಮನೆಗೆ ಬರುವ ಪದಾರ್ಥ. ಸಾಹೇಬರ ತಿಳಿವಳಿಕೆ ಇದಕ್ಕಿಂತ ಬಹಳ ಮುಂದೇನೂ ಹೋಗಿರಲಿಲ್ಲ, ಆದರೆ ಅವರಿಗೆ ಪದವಿ ಇತ್ತು.

ಪ್ರಯೋಗ ಸರಳ. ಒಂದು ಹೊಲಕ್ಕೆ ಔಷಧದ ಪುಡಿ ಹೊಡೆಯುವುದು, ಪಕ್ಕದ್ದನ್ನು ಹುಳುವಿಗೆ ಬಿಟ್ಟುಕೊಡುವುದು, ಆಮೇಲೆ ಎರಡನ್ನೂ ಹೋಲಿಸುವುದು. ಪುಡಿಗೆ ಊರಿನ ಗೃಹಸ್ಥರೊಬ್ಬರು ತಮ್ಮ ಹೊಲ ಕೊಟ್ಟರು. ಹುಳುವಿಗೆ, ಬದುವಿನಾಚೆ ಇದ್ದ ತಮ್ಮ ವಿಧವೆ ಅತ್ತಿಗೆಯ ಹೊಲ ಕೊಟ್ಟರು. ವಿಜ್ಞಾನಕ್ಕಾಗಿ ಹೀಗೆ ತ್ಯಾಗ ಮಾಡುವವರು ಎಲ್ಲ ಊರಲ್ಲೂ ಇರುತ್ತಾರೆ. ಆಕೆಗೆ ಇದ್ದದ್ದು ಅದೊಂದೇ ಹೊಲ. "ಹುಳಾ ಉಂಡ ಮ್ಯಾಲ ವರ್ಷಿಡೀ ನಾ ಏನು ಉಣ್ಲಿ?" ಎಂದು ಕೇಳಿದಳು. ಸಾಹೇಬರು ಅದನ್ನು ಬರೆದುಕೊಳ್ಳಲಿಲ್ಲ. ಅವರ ಲೆಕ್ಕದ ತಖ್ತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಪ್ರತಿ ಸೋಮವಾರ ಹತ್ತು ಗಂಟೆಗೆ ನಾನು ಗಿಡಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಕೊರೆದ ಕಾಯಿ ಎಣಿಸಬೇಕು. ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಊರಿಗೆ ಊರೇ ಬಿಡುವಾಗಿರುತ್ತದೆ. ಇದು ಸಾಹೇಬರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಗೊತ್ತಿದ್ದೂ ಹೊಳೆಯದಿರುವುದಕ್ಕೆ ಬೇರೆಯೇ ಯೋಗ್ಯತೆ ಬೇಕು.

ಲೆಕ್ಕ ವಿಚಿತ್ರವಾಗಿ ಬರುತ್ತಿತ್ತು. ಪುಡಿಯ ಹೊಲದಲ್ಲಿ ಕೊರೆದ ಕಾಯಿ ಹೆಚ್ಚು, ಹುಳುವಿಗೆ ಬಿಟ್ಟ ಹೊಲದಲ್ಲಿ ಕಡಿಮೆ. ಕಾಯಿಯೊಳಗೆ ಸೇರಿಕೊಂಡ ಹುಳುವಿಗೆ ಹೊರಗಿನ ಪುಡಿಯ ಸುದ್ದಿಯೇ ತಲುಪುತ್ತಿರಲಿಲ್ಲ. ಸ್ವಭಾವ ಅರಿಯಲು ಬಂದವರಿಗೆ ಇಷ್ಟು ಅರಿವಾಗಲಿಲ್ಲ. ವಿಧವೆಯ ಬದುವಿನ ಮೇಲೆ ಸೋಮವಾರಕ್ಕೊಮ್ಮೆ ಬಿಸಿ ಬೂದಿ ಇರುತ್ತಿತ್ತು. "ರೈತರು ಚಹಾ ಕಾಸಿರಬೇಕು" ಎಂದು ನಾನೇ ಷರಾ ಬರೆದಿದ್ದೆ.

ಒಂದು ಸೋಮವಾರ ಮುಂಜಾನೆ ಜಲ್ದಿ ಹೋದೆ. ವಿಧವೆಯ ಹೊಲದಲ್ಲಿ ಆಕೆಯ ಓಣಿಯ ಹೆಂಗಸರೆಲ್ಲ ವಾರದ ಬಿಡುವಿನಲ್ಲಿ ಬುಟ್ಟಿ ಹಿಡಿದು ಸಾಲುಸಾಲಾಗಿ ಕೊರೆದ ಕಾಯಿ, ಉದುರಿದ ಮೊಗ್ಗು ಆರಿಸುತ್ತಿದ್ದರು. ಆರಿಸಿದ್ದನ್ನು ಬದುವಿನ ಮೇಲೆ ಸುಡುತ್ತಿದ್ದರು. ಹಾದಿಗೆ ಹತ್ತಿದ ಹೊಲ, ಹುಳ ಬಿಟ್ಟುಕೊಂಡು ಕೂತರೆ ಹೋಗಿಬರುವವರು ನಗುತ್ತಾರೆ ಎಂದು ಒಬ್ಬಳು ನನಗೇ ಬುದ್ಧಿ ಹೇಳಿದಳು.

ಸಾಹೇಬರಿಗೆ ತಿಳಿಸಿದೆ. ವರದಿ ಟೈಪಾಗಿದೆ ಎಂದರು. ಪುಡಿ ಗಾಳಿಯಲ್ಲಿ ತೇಲಿ ಪಕ್ಕದ ಹೊಲದ ಹುಳುವನ್ನೂ ಸಂಹರಿಸಿದೆ, ಅದರ ಶಕ್ತಿ ನಿರೀಕ್ಷೆ ಮೀರಿದ್ದು ಎಂದು ಅದರಲ್ಲಿತ್ತು. ಎಣಿಸಿದವನೆಂದು ನಾನು ಸಹಿ ಹಾಕಿದೆ. ಹಂಗಾಮಿ ನೌಕರನ ಸತ್ಯವೂ ಹಂಗಾಮಿಯೇ.

ಹತ್ತಿ ಬಿಡಿಸುವಾಗ ಆ ವಿಧವೆ ಮಜ್ಜಿಗೆ ಕೊಟ್ಟು, ಕಾಗದದಲ್ಲಿ ಏನು ಬರೆದಿರಿ ಎಂದು ಕೇಳಿದಳು. ಹೇಳಿದೆ. ಆಕೆ ಕೈಯೆತ್ತಿ ಮೂಡಲ ದಿಕ್ಕು ತೋರಿಸಿದಳು.

"ಮಾಗ್ಯಾಗ ಗಾಳಿ ಮೂಡಲಿಂದ ಬೀಸತೈತಿ, ತಮ್ಮಾ. ಪುಡಿ ಹೊಡದದ್ದು ಪಡುವಲ ಹೊಲಕ್ಕ. ನಿಮ್ಮ ಸಾಹೇಬರ ಮಾತು ಕೇಳಿ ಗಾಳಿ ಹೊಳ್ಳಿ ಬಂತೇನು?"

ನಾನು ಮಜ್ಜಿಗೆ ಕುಡಿದೆ.

ಮರುವರ್ಷ ಸಾಹೇಬರು ಅದೇ ಹೊಲ ಬೇಕೆಂದು ಬಂದರು. ಯಾರೂ ಕಾಲಿಡದಂತೆ ಈ ಸಲ ಕಾವಲುಗಾರನನ್ನೂ ತಂದಿದ್ದರು. ಆಕೆ ಹೊಲದ ತುಂಬ ಬಿಳಿಜೋಳ ಬಿತ್ತಿದ್ದಳು. ಹತ್ತಿಯ ಹುಳುವಿಗೆ ಅಲ್ಲಿ ಕೆಲಸವಿರಲಿಲ್ಲ, ನಮಗೂ ಇರಲಿಲ್ಲ.