ಶುಕ್ರವಾರ ಆಚೆಗೆ ಹೋಗದ ಡಬ್ಬಿ

ತನ್ನ ಹೆಂಡತಿಗೆ ಹೆದರಿಕೆಯೇ ಗೊತ್ತಿಲ್ಲ ಎಂದು ಅಯಾಜ್ ಕೊರಟಗೆರೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದರಲ್ಲಿ ಹೆಮ್ಮೆ ಎಷ್ಟು, ದೂರು ಎಷ್ಟು ಎಂದು ನನಗೆ ಇನ್ನೂ ತಿಳಿದಿಲ್ಲ. ಹೆಂಡತಿ ನಾಹಿದಾ ಶಿರಾದ ಹುಡುಗಿ. ಬಸ್‌ಸ್ಟ್ಯಾಂಡಿನ ಹಿಂದೆ, ನನ್ನ ಟೈಲರಿಂಗ್ ಅಂಗಡಿಯ ಪಕ್ಕದಲ್ಲೇ ಅವಳ ಅಂಗಡಿ. ಸುತ್ತಲ ಹಳ್ಳಿಗಳಿಗೆ ವೈಫೈ ಹಾಕಿಕೊಡುತ್ತಾಳೆ. ಏಣಿ ಹತ್ತುವವಳೂ ಅವಳೇ, ಕೇಬಲ್ ಎಳೆಯುವವಳೂ ಅವಳೇ. ಇಳಿದ ಮೇಲೆ ಎಲ್ಲರ ಮನೆಯಲ್ಲೂ ಒಂದೇ ಮಾತು: "ಪಾಸ್‌ವರ್ಡ್ ಯಾರ್ಗೂ ಕೊಡ್ಬೇಡಿ. ಇದ್ರೊಳಕ್ಕೆ ಯಾರೂ ನುಗ್ಗಕ್ಕಾಗಲ್ಲ. ನನ್ನ ಮಾತು."

ಆ ಮಾತಿಗೆ ಒಂದು ಗುರುವಾರ ಸಂಜೆ ಪೆಟ್ಟು ಬಿತ್ತು. ವೈಫೈ ಡಬ್ಬಿಯ ಚಿಪ್‌ನೊಳಗಿನ ಸಾಫ್ಟ್‌ವೇರಿನಲ್ಲಿ ದೊಡ್ಡ ದೋಷ ಸಿಕ್ಕಿದೆ, ಕೂಡಲೇ ಅಪ್‌ಡೇಟ್ ಮಾಡಿ ಎಂದು ಕಂಪನಿಯಿಂದ ಎಚ್ಚರಿಕೆ ಬಂತು. ಹಳ್ಳಿಮನೆಗಳಲ್ಲಿದ್ದ ಹೊಸ ಡಬ್ಬಿಗಳನ್ನೆಲ್ಲ ಅಂಗಡಿಯಲ್ಲೇ ಕೂತು ನೆಟ್ಟಿನ ಮೂಲಕ ಸರಿಮಾಡಿದಳು. ಉಳಿದದ್ದು ಒಂದು ಹಳೇ ಡಬ್ಬಿ, ಗೊರವನಹಳ್ಳಿಯ ಚನ್ನಮಲ್ಲಮ್ಮನ ಇಡ್ಲಿ ಹೋಟೆಲಿನದು. ಅದನ್ನು ಅಂಗಡಿಗೆ ತಂದು ತಂತಿ ಹಾಕಿಯೇ ಅಪ್‌ಡೇಟ್ ಮಾಡಬೇಕು. ನಡುವೆ ಕರೆಂಟ್ ಹೋದರೆ ಡಬ್ಬಿ ಸತ್ತಂತೆಯೇ, ಗೊರವನಹಳ್ಳಿಯ ಕರೆಂಟನ್ನು ನಂಬುವವರು ಯಾರು?

ಮರುದಿನ ಬೆಳಿಗ್ಗೆ ಸ್ಕೂಟರ್ ತೆಗೆದಳು. ಅಲ್ಲಿನ ಗುಡಿಯ ಮಹಾಲಕ್ಷ್ಮಿ ದರ್ಶನವೂ ಆಗುತ್ತದೆಂದು ನಾನೂ ಹಿಂದೆ ಕೂತೆ.

ಹೋಟೆಲಿನ ಬೆಂಚುಗಳ ಮೇಲೆ ಬಸ್ಸಿಳಿದ ಜನ ತುಂಬಿದ್ದರು. ಅಲ್ಲಿ ಟವರ್ ಸಿಗುವುದಿಲ್ಲ. ಹಣ ಬಂತೆಂದು ಕೂಗುವ ಪೆಟ್ಟಿಗೆಯಿಂದ ಹಿಡಿದು ಚನ್ನಮಲ್ಲಮ್ಮನ ಮೊಬೈಲಿನವರೆಗೆ ಎಲ್ಲಕ್ಕೂ ಆ ಡಬ್ಬಿಯೇ ಗತಿ. ಅದು ದೇವರ ಗೂಡಿನಲ್ಲಿ, ಲಕ್ಷ್ಮಿಯ ಫೋಟೋ ಪಕ್ಕದಲ್ಲಿ ಕುಂಕುಮ ಇಟ್ಟುಕೊಂಡು ಕೂತಿತ್ತು.

"ನನ್ನ ಮಾತು ತಪ್ಪೋಯ್ತು ಅಮ್ಮ. ಇದ್ರೊಳಕ್ಕೆ ನುಗ್ಗಬೌದಂತೆ," ಎಂದಳು ನಾಹಿದಾ.

"ಪಾಸ್‌ವರ್ಡ್ ಯಾರ್ಗೂ ಕೊಟ್ಟಿಲ್ಲ ಕಣಮ್ಮ."

"ಅದು ಬೇಕಾಗೇ ಇಲ್ಲ. ಬೀಗ ಗಟ್ಟಿಯಾಗೇ ಐತೆ, ಚೌಕಟ್ಟಿಗೆ ಹುಳ ಬಿದ್ದೈತೆ. ಆ ಬೆಂಚಿನ ಮ್ಯಾಲೆ ಕುಂತೋನು ಏನನ್ನೂ ಮುಟ್ದೆ ಇದನ್ನ ತನಗೆ ಬೇಕಾದಂಗೆ ಆಡಿಸ್ಬೌದು. ಕೊಡಿ, ಸರಿಮಾಡಿ ತತ್ತೀನಿ."

ಚನ್ನಮಲ್ಲಮ್ಮ ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿದಳು. "ಇವತ್ತು ಶುಕ್ರವಾರ. ಸೂಜಿನೂ ಆಚೆಗೆ ಕೊಡಲ್ಲ ನಾನು. ಅದೂ ಲಕ್ಷ್ಮಮ್ಮನ ಊರಾಗಿದ್ಕಂಡು. ನಾಳೆ ತಗಂಡೋಗು."

ಜನ ಕಿಕ್ಕಿರಿಯುವುದು ಶುಕ್ರವಾರವೇ. ನಾಹಿದಾಳ ಮುಖ ಕೆಂಪಾಯಿತು, ಇನ್ನೇನು ರೇಗಿಬಿಡುತ್ತಾಳೆ ಅಂದುಕೊಂಡೆ. ರೇಗಲಿಲ್ಲ. ಶಿರಾದ ಅವಳ ಅಜ್ಜಿಯೂ ಸಂಜೆ ಮಗ್ರಿಬ್ ನಮಾಜಿನ ಹೊತ್ತಿನಲ್ಲಿ ನೆರೆಯವರಿಗೆ ಉಪ್ಪು ಕೊಡಲು ಬಿಡುತ್ತಿರಲಿಲ್ಲವಂತೆ.

"ಆಚೆಗೆ ಹೋಗಂಗಿಲ್ಲ. ಇನ್ನೊಂದು ಒಳಕ್ಕೆ ಬರಬೌದಾ?"

"ಶುಕ್ರವಾರ ಬರೋದನ್ನ ಯಾರಾದ್ರೂ ಬ್ಯಾಡ ಅಂತಾರಾ?"

ನಾಹಿದಾ ಹಳೇ ಡಬ್ಬಿಯ ಪ್ಲಗ್ ಕಿತ್ತು, ಅದನ್ನು ಅಲ್ಲೇ ಗೂಡಿನಲ್ಲಿ ಬಿಟ್ಟಳು. ಕೂಗುವ ಪೆಟ್ಟಿಗೆ ಸುಮ್ಮನಾಯಿತು. ಸ್ಕೂಟರ್ ಕೊರಟಗೆರೆಗೆ ಹಾರಿತು. ಅಂಗಡಿಯಲ್ಲಿ ಬೇರೆ ಡಬ್ಬಿ ಇರಲಿಲ್ಲ; ಮನೆಯ ಗೋಡೆಯ ಮೇಲಿದ್ದ, ರಾತ್ರಿಯೇ ಸರಿಮಾಡಿದ್ದ ಡಬ್ಬಿಯನ್ನು ಬಿಚ್ಚಿದಳು. ಅಯಾಜ್ ಅದರ ವೈಫೈನಲ್ಲೇ ಕ್ರಿಕೆಟ್ ಮ್ಯಾಚ್ ನೋಡುತ್ತಿದ್ದ. ಅವನು ಉರ್ದುವಿನಲ್ಲಿ ಅಂದದ್ದೇನೋ ನನಗೆ ತಿಳಿಯಲಿಲ್ಲ, ಸಂಕಟ ಮಾತ್ರ ಚೆನ್ನಾಗಿಯೇ ತಿಳಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಹೋಟೆಲಿನ ಪೆಟ್ಟಿಗೆ ಮತ್ತೆ ಕೂಗುತ್ತಿತ್ತು. ನನಗೆ ದರ್ಶನ ತಪ್ಪಿತು, ಆದರೂ ಬೇಸರವಾಗಲಿಲ್ಲ.

ಶನಿವಾರ ಚನ್ನಮಲ್ಲಮ್ಮನೇ ಬಸ್ಸಿನಲ್ಲಿ ಬಂದಳು. ಬಟ್ಟೆಯಲ್ಲಿ ಸುತ್ತಿ ತಂದ ಹಳೇ ಡಬ್ಬಿಯನ್ನು ಕೊಟ್ಟು, ಅಪ್‌ಡೇಟ್ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂತಿದ್ದಳು.

"ಈಗ ಯಾರೂ ನುಗ್ಗಲ್ಲ ತಾನೆ?"

ನಾಹಿದಾಳ ಆ ಹಳೇ ಮಾತು ಈಗ ಬರುತ್ತದೆಂದು ಕಾದೆ.

"ಅಂಗಂತ ಇನ್ಮೇಲೆ ಹೇಳಲ್ಲ ಅಮ್ಮ. ಗೊತ್ತಿರೋ ತೂತು ಮುಚ್ಚೈತೆ. ನಾಳೆ ಇನ್ನೊಂದು ಬಿದ್ರೆ ನಾನೇ ಬಂದು ಹೇಳ್ತೀನಿ, ನಾನೇ ಮುಚ್ತೀನಿ. ಇದು ನನ್ನ ಮಾತು."

"ಅಷ್ಟು ಸಾಕು ಬುಡು," ಎಂದು ಚನ್ನಮಲ್ಲಮ್ಮ ಬರಿಗೈಯಲ್ಲಿ ಎದ್ದಳು.

"ಡಬ್ಬಿ ಮರೆತ್ರಿ."

"ಅದಿನ್ನು ನಿಂದೇ ಕಣಮ್ಮ. ಶುಕ್ರವಾರ ನಮ್ಮನೆಗೆ ಬಂದಿದ್ದನ್ನ ನಾನು ಆಚೆಗೆ ಕಳಿಸ್ತೀನಾ?"

ಆ ಹಳೇ ಡಬ್ಬಿ ಈಗ ನಾಹಿದಾಳ ಮನೆಯ ಗೋಡೆಯ ಮೇಲಿದೆ. ಅಯಾಜ್ ಮ್ಯಾಚ್ ನೋಡುವುದು ಅದರಲ್ಲೇ. ಅದರ ಕುಂಕುಮವನ್ನು ಇವತ್ತಿಗೂ ಯಾರೂ ಒರೆಸಿಲ್ಲ.