ಬೀಸಿದವರಿಗೆ ಸುದ್ದಿ

ಲಿಂಗಸುಗೂರಿನ ಕಚೇರಿ ಹಿಂದಿನ ಓಣಿಯ ಒಂದು ಮನೆಯಲ್ಲಿ ದಿನಾ ಮಧ್ಯಾಹ್ನ ಗಂಡಸೊಬ್ಬ ಜೋಳ ಬೀಸುತ್ತಾನೆ ಎಂಬ ಮಾತನ್ನು ಮೊದಲು ಯಾರೂ ನಂಬಲಿಲ್ಲ. ನಂಬದವರು ನೋಡಲು ಬಂದರು. ನೋಡಿದ ಗಂಡಸರು ಹೊಟ್ಟೆ ಹಿಡಿದು ನಕ್ಕರು. ಅವರ ಹೆಂಗಸರು ಮಾತ್ರ ನಗಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, "ಕೈಯಾಗ ಬೊಬ್ಬಿ ಎದ್ದಾವೇನು?" ಎಂದು ಕೇಳಿ, ಎದ್ದಿವೆ ಎಂದು ತಿಳಿದ ಮೇಲೆ ಸಮಾಧಾನದಿಂದ ಮನೆಗೆ ಹೋದರು.

ಆ ಮನೆ ರಾಜಾಬೀಯದು. ಗಂಡ ಮೌಲಾಹುಸೇನ ತಾಲೂಕು ಕಚೇರಿಯಲ್ಲಿ ಸೊಂಟಕ್ಕೆ ಸರ್ಕಾರದ ಬಿಲ್ಲೆಯ ಪಟ್ಟಾ ಕಟ್ಟುವ ಚಪರಾಸಿ. ಅತ್ತೆ ಶಂಶಾದ್‌ಬೀ, ಎರಡು ಹೆಣ್ಣುಮಕ್ಕಳು. ನಡೆಯುತ್ತಿದ್ದುದು ನಿಜಾಮ ಸರ್ಕಾರದ ೧೩೫೫ನೇ ಫಸಲಿ, ಇಂಗ್ಲಿಷ್ ಲೆಕ್ಕದಲ್ಲಿ ೧೯೪೬ರ ಬೇಸಿಗೆ.

ರಾಜಾಬೀ ಹುಟ್ಟಿದ್ದು ಮುದಗಲ್ಲಿನಲ್ಲಿ. ಅವಳ ಅಪ್ಪ ದಾವಲ್‌ಸಾಬ್ ಮನೆಯ ಪಡಸಾಲೆಯಲ್ಲೇ ಹುಡುಗರಿಗೆ ಉರ್ದು ಕಲಿಸುತ್ತಿದ್ದ. ಮಗಳು ಒಲೆ ಊದುತ್ತಲೇ ಆ ಪಾಠ ಕೇಳಿ, ಹುಡುಗರು ತಪ್ಪಿದಲ್ಲಿ ಅಡುಗೆಮನೆಯಿಂದ ತಿದ್ದತೊಡಗಿದಾಗ ಅಪ್ಪ ಬೈಯದೆ ಒಂದು ಪುಸ್ತಕ ಕೊಟ್ಟ. ಕನ್ನಡ ಅಕ್ಷರ ನೆರೆಮನೆಯ ಗೆಳತಿಯ ಪಾಟಿಯಿಂದ ಬಂತು. ಹದಿನಾಲ್ಕಕ್ಕೆ ಮದುವೆಯಾಗಿ ಲಿಂಗಸುಗೂರಿಗೆ ಬಂದಳು. ಗಂಡನ ಮನೆಯಲ್ಲಿ ಓದಲು ಒಂದು ಚೀಟಿಯೂ ಇರಲಿಲ್ಲ. ಬೀಸಲು ದಿನಾ ಎರಡು ಸೇರು ಜೋಳ ಇತ್ತು. ನಸುಕಿನಲ್ಲಿ ಬಾವಿಯಿಂದ ಆರು ಕೊಡ ನೀರು, ಆಮೇಲೆ ರೊಟ್ಟಿ, ಆಮೇಲೆ ಗಂಡನ ಖಾಕಿ ಬಟ್ಟೆ, ಅತ್ತೆಯ ಕಾಲಿಗೆ ಎಣ್ಣೆ, ಮಧ್ಯಾಹ್ನ ಮತ್ತೆ ಬೀಸುವ ಕಲ್ಲು. ಹದಿನಾರು ವರ್ಷ. ಮೌಲಾಹುಸೇನ ಕೆಟ್ಟವನಲ್ಲ. ರೊಟ್ಟಿ ಎಲ್ಲಿಂದ ಬರುತ್ತದೆಂದು ಅವನು ಯೋಚಿಸಿರಲಿಲ್ಲ, ಅಷ್ಟೆ.

ಕಚೇರಿಗೆ ಹೈದರಾಬಾದಿನಿಂದ ಟಪಾಲಿನಲ್ಲಿ ಉರ್ದು ಪೇಪರು ಬರುತ್ತಿತ್ತು. ಸಾಹೇಬರು ಓದಿ, ಗುಮಾಸ್ತರು ಓದಿ, ಮೂಲೆಗೆ ಬಿದ್ದ ಮೇಲೆ ಮೌಲಾಹುಸೇನ ರೊಟ್ಟಿ ಕಟ್ಟಿಕೊಳ್ಳಲು ಮನೆಗೆ ತರುತ್ತಿದ್ದ. ರಾಜಾಬೀ ರೊಟ್ಟಿಗೆ ಹಳೆಯ ಅರಿವೆ ಹುಡುಕಿ ಕೊಟ್ಟಳು. ಪೇಪರುಗಳನ್ನು ತಾರೀಖಿನ ಪ್ರಕಾರ ಹೊಂದಿಸಿ, ಕೌದಿ ಹೊಲಿಯುವ ಸೂಜಿಯಿಂದ ತಿಂಗಳಿಗೊಂದು ಕಟ್ಟು ಹೊಲಿದಳು. ಹಾಳೆಯ ಮೇಲ್ಗಡೆ ಫಸಲಿ, ಹಿಜರಿ, ಇಂಗ್ಲಿಷ್ ಮೂರೂ ತಾರೀಖು ಇರುತ್ತಿದ್ದವು. ಆ ತಾರೀಖಿನ ಪಟ್ಟಿಯನ್ನು ಇಲಿ ಮುಟ್ಟಿದರೂ ಅವಳಿಗೆ ಸಿಟ್ಟು ಬರುತ್ತಿತ್ತು.

ಆ ಪಟ್ಟಿಯ ಬೆಲೆ ಬಸ್ಸಪ್ಪನಿಗೆ ತಡವಾಗಿ ತಿಳಿಯಿತು. ಬಸ್ಸಪ್ಪ ಮಗ್ಗುಲ ಹಳ್ಳಿಯಲ್ಲಿ ಕಂದಾಯ ವಸೂಲಿ ಮಾಡುವ ಮಾಲಿಪಾಟೀಲ ಅಂಬಪ್ಪನ ಮಗ. ಕಂದಾಯ ಇಲಾಖೆಯ ನೌಕರಿಗೆ ರಾಯಚೂರಿನಲ್ಲಿ ಪರೀಕ್ಷೆ ಕಟ್ಟಿದ್ದ. ಲೆಕ್ಕ ಗೆದ್ದ, ಕಾನೂನು ಗೆದ್ದ, 'ಮಾಲೂಮಾತೆ ಆಮ್ಮಾ' ಎಂಬ ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ ಬಿದ್ದ. ವಿಲಾಯಿತಿಯ ಪ್ರಧಾನಿ ಯಾರೆಂದು ಕೇಳಿದರೆ ಚರ್ಚಿಲ್ ಎಂದಿದ್ದ. ಚರ್ಚಿಲ್ ಇಳಿದು ಅಟ್ಲಿ ಬಂದು ಮೂರು ತಿಂಗಳಾಗಿತ್ತು. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ, ತಾರೀಖು ಹರಿದುಹೋದ ಚೂರು ಪೇಪರನ್ನು ಹೊಸ ಸುದ್ದಿಯೆಂದು ಅವನು ಉರು ಹೊಡೆದಿದ್ದ.

"ಬೆಲ್ಲಾನೂ ಹೋತು, ನೌಕರೀನೂ ಹೋತು" ಎಂದು ಅವನ ಗೆಳೆಯ, ಮಸ್ಕಿಯ ಕಂಬಾರರ ಗಾಳೆಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅವನೂ ಅದೇ ಪರೀಕ್ಷೆಯಲ್ಲಿ ಬಿದ್ದವನೇ.

ಇಬ್ಬರೂ ಒಂದು ದಿನ ರಾಜಾಬೀಯ ಪಡಸಾಲೆಗೆ ಬಂದು ನಿಂತರು.

"ಅಕ್ಕಾರ, ಪೇಪರು ಓದಿ ಹೇಳ್ರಿ. ಆ ಅಕ್ಷರ ನಮಗ ಲಗೂ ಹತ್ತಂಗಿಲ್ಲ" ಎಂದ ಬಸ್ಸಪ್ಪ.

ತಟ್ಟಿನ ಪರದೆಯ ಹಿಂದಿನಿಂದ ರಾಜಾಬೀ ಹೇಳಿದಳು: "ಓದ್ತೀನಪ್ಪ. ಆದ್ರ ನಾ ಓದಾಕ ಕುಂತ್ರ ಜೋಳ ಬೀಸೋರ‍್ಯಾರು?"

"ಯಾರಾದ್ರೂ ಬೀಸ್ತಾರಲ್ರಿ."

"ಆ ಯಾರಾದ್ರೂ ಅನ್ನಾಕಿ ಹದಿನಾರು ವರ್ಷದಿಂದ ನಾನಽ. ಕಲ್ಲು ನಿನ್ನ ಮುಂದ ಐತಿ. ನೀ ಬೀಸು, ನಾ ಓದ್ತೀನಿ. ಗಾಳೆಪ್ಪ ನೀರು ತರ್ಲಿ. ಕಲ್ಲು ನಿಂತ್ರ ಸುದ್ದಿ ನಿಂತಂಗ."

ಗಾಳೆಪ್ಪ ನಕ್ಕು ಕೊಡ ಎತ್ತಿಕೊಂಡ. ಬಸ್ಸಪ್ಪನಿಗೆ ನಗು ಬರಲಿಲ್ಲ. ಆದರೆ ಎರಡನೆಯ ಸಲ ಕಟ್ಟಿದ ಪರೀಕ್ಷೆಗೆ ಇನ್ನೊಂದೇ ತಿಂಗಳಿತ್ತು. ಯಾರಿಗೂ ಕಾಣದಂತೆ ಹೊರಗಿನ ಬಾಗಿಲು ಮುಂದಕ್ಕೆ ಮಾಡಿ ಕಲ್ಲಿನ ಮುಂದೆ ಕೂತ.

ಮೊದಲ ದಿನ ಅವನು ಬೀಸಿದ್ದು ಹಿಟ್ಟಲ್ಲ, ನುಚ್ಚು. "ಇದನ್ನ ಕೋಳಿಗೆ ಹಾಕಬೇಕು" ಎಂದಳು ಶಂಶಾದ್‌ಬೀ. "ಮುಕ್ಕು ಸಣ್ಣದು ಹಾಕೋ. ಕಲ್ಲಿಗೂ ಬಾಯಿ ಐತಿ, ತುರುಕಬ್ಯಾಡ." ಮುದುಕಿ ಮೊದಲು ಸೊಸೆಗೆ ಎರಡು ಬೈದಳು. ನಾಲ್ಕನೆಯ ದಿನದಿಂದ ತಾನೇ ಕಲ್ಲಿನ ಪಕ್ಕದಲ್ಲಿ ಎಲೆಅಡಿಕೆ ಹಿಡಿದು ಕೂರತೊಡಗಿದಳು. ಗಂಡಸು ಬೀಸುವುದನ್ನು ನೋಡುವ ಯೋಗ ಅವಳಿಗೆ ಅರವತ್ತು ವರ್ಷದಲ್ಲಿ ಬಂದಿರಲಿಲ್ಲ.

ರಾಜಾಬೀ ಓದುವಳು, ಕನ್ನಡದಲ್ಲಿ ಬಿಡಿಸಿ ಹೇಳುವಳು, ಕೊನೆಗೆ ಸವಾಲು ಹಾಕುವಳು.

"ಅಶೋಕನ ಹೆಸರು ಇರೋ ಶಾಸನ ಎಲ್ಲಿ ಐತಿ?"

"ನಮ್ಮೂರು ಮಸ್ಕಿ ಗುಡ್ಡದಾಗ್ರಿ! ಸಣ್ಣಾಂವ ಇದ್ದಾಗ ಅದರ ಮಗ್ಗಲಕ್ಕ ಕುಂತು ಸೀತಾಫಲ ತಿಂದೀನಿ" ಎಂದ ಗಾಳೆಪ್ಪ.

"ತಿಂದಿದ್ದು ಯಾರು ಕೇಳ್ಯಾರಲೇ? ತುಂಗಭದ್ರಾಕ್ಕ ಅಣೆಕಟ್ಟು ಯಾರು ಕಟ್ಟಾಕತ್ಯಾರ?"

"ನಿಜಾಮ ಸರ್ಕಾರ, ಮದ್ರಾಸ ಸರ್ಕಾರ, ಎರಡೂ ಕೂಡಿ. ನೀರು ಸಿಂಧನೂರಿಗೆ ಬರತೈತಂತ" ಎಂದ ಬಸ್ಸಪ್ಪ, ಕಲ್ಲಿನ ಗೂಟ ಬಿಡದೆ.

ಪರದೆಯ ಹಿಂದೆ ರಾಜಾಬೀ ಹಾಳೆ ತಿರುವಿದಳು. ಮೊದಲ ಪುಟದ ಮೊದಲ ಸಾಲಿನಿಂದ ಕೊನೆಯ ಪುಟದ ಕೊನೆಯ ಸಾಲಿನವರೆಗೆ, ನಡುವೆ ಎದ್ದು ಹೋಗದೆ ಓದುವುದು. ಅವಳಿಗೆ ಬೇಕಾಗಿದ್ದುದು ಆ ಒಂದು ತಾಸು. ಅದು ಸಿಕ್ಕಿತ್ತು.

ಸಿಕ್ಕಿದ್ದನ್ನು ಕಸಿಯಲು ಅಂಬಪ್ಪ ಸವಾರಿ ಬಂಡಿ ಕಟ್ಟಿಸಿಕೊಂಡು ಬಂದ. ಬಾಗಿಲು ನೂಕಿದರೆ ಎದುರಿಗೇ ಮಗ; ಮೀಸೆಯ ಮೇಲೆ ಹಿಟ್ಟು.

"ನಾಳೆ ತಹಸೀಲ್ದಾರ ಆಗೋ ಮಗನ ಕೈಯಾಗ ಬೀಸೋ ಕಲ್ಲು ಕೊಟ್ಟೀಯೇನವಾ?"

"ನಾಳೆ ಆಗಾಂವ್ರಿ ಪಾಟೀಲ್ರ, ಇವತ್ತಿನ್ನೂ ಆಗಿಲ್ಲ" ಎಂದಿತು ಪರದೆಯ ಹಿಂದಿನ ದನಿ.

"ನನ್ನ ಮಗನ ಕೂಡ ಬಿಟ್ಟಿ ಚಾಕರಿ ಮಾಡಸ್ತೀ?"

"ಬಿಟ್ಟಿ ಅಲ್ರಿ, ಮುಯ್ಯಿ. ನೀವು ಒಕ್ಕಲುತನದವರು, ನಾ ಹೇಳಬೇಕೇನು? ನಾ ನಿಮ್ಮ ಹೊಲಕ್ಕ, ನೀವು ನನ್ನ ಹೊಲಕ್ಕ. ಅವ ಬೀಸ್ತಾನ, ನಾ ಓದ್ತೀನಿ."

ಅಂಬಪ್ಪ ಅಲ್ಲಿಂದ ನೇರವಾಗಿ ಕಚೇರಿಗೆ ಹೋದ. ಸಂಜೆ ಮೌಲಾಹುಸೇನ ಮುಖ ಸಣ್ಣದು ಮಾಡಿಕೊಂಡು ಬಂದ.

"ಪೇಪರು ಸರ್ಕಾರದ ಮಾಲು, ಪಾಟೀಲ ಅರ್ಜಿ ಕೊಟ್ರ ನಿನ್ನ ಪಟ್ಟಾ ಬಿಚ್ಚಬೇಕಾಕೈತಿ ಅಂದ್ರು ಗುಮಾಸ್ತರು. ಸಾಕು ಮಾಡು. ಇಲ್ಲಾಂದ್ರ ಪಾಟೀಲ ಹೇಳಿದಂಗ ಕೇಳು. ಮಗ ಬರ್ತಾನಂತ, ಸುದ್ದಿ ಕೇಳ್ತಾನಂತ, ಬೀಸಾಕ ಮಾತ್ರ ತಮ್ಮನಿ ಆಳು ಕಳಸ್ತಾನಂತ. ನಿನಗ ಹಿಟ್ಟಾದ್ರ ಆತಲ್ಲ?"

ರಾಜಾಬೀ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿದಳು. "ಸಾಕು ಮಾಡಿದ್ರ ನಾಳಿಯಿಂದ ಬೀಸೋರು ನೀವೇನು?"

ಅವನು ರೊಟ್ಟಿ ಮುರಿದುಕೊಂಡ.

ಮರುದಿನ ಮಧ್ಯಾಹ್ನ ಪರದೆಯ ಹಿಂದೆ ಕೂತ ರಾಜಾಬೀ ಪೇಪರು ಬಿಚ್ಚಿದಳು, ಓದಲಿಲ್ಲ. ಕಲ್ಲಿನ ದನಿ ಬೇರೆಯಾಗಿತ್ತು. ಬಸ್ಸಪ್ಪನದು ತಡವರಿಸುವ ಕಲ್ಲು. ಇದು ಒಂದೇ ಸಮನೆ, ಒಂದೇ ತೂಕದಲ್ಲಿ ತಿರುಗುತ್ತಿತ್ತು. ಜೊತೆಗೆ ಬಳೆಯ ಸಪ್ಪಳ.

"ಯಾರದು ಕಲ್ಲಿನ ಮುಂದ?"

"ನಾನ್ರಿ, ಪೀರಮ್ಮ. ಸಣ್ಣಧಣ್ಯಾರ ಬದ್ಲಿ ಬೀಸು ಅಂತ ಧಣ್ಯಾರು ಕಳಸ್ಯಾರ್ರಿ."

ಪೀರಮ್ಮ ಮಾಲಿಪಾಟೀಲನ ಮನೆಯ ಬಿಟ್ಟಿ ಆಳು. ಅವಳ ಅತ್ತೆಯೂ ಆ ಮನೆಯ ಕಲ್ಲಿನ ಮುಂದೆಯೇ ಮುದುಕಿಯಾಗಿದ್ದಳು. ಯಾಕೆ ಎಂದು ಕೇಳಿದವರಿಲ್ಲ. ಬಸ್ಸಪ್ಪ ಹೊರಗಿನ ಕಟ್ಟೆಯ ಮೇಲೆ ವಹಿ ಬಿಚ್ಚಿ ಕೂತಿದ್ದ.

"ಓದ್ರಿ ಅಕ್ಕಾರ, ಬರಕೋತೀನಿ" ಎಂದ.

"ನೀ ಬೀಸಾಕತ್ತಿಯೇನು?"

"ಪೀರಮ್ಮ ಬೀಸಾಕತ್ತಾಳಲ್ರಿ."

"ಹಂಗಾದ್ರ ಸುದ್ದಿ ಪೀರಮ್ಮಗ. ಅತ್ತಿ, ಆ ಬಾಗಿಲಾ ಮುಚ್ಚು."

ಶಂಶಾದ್‌ಬೀ ಎದ್ದು, ಸೊಂಟ ಹಿಡಿದುಕೊಂಡು, ಬಹಳ ಖುಷಿಯಿಂದ ಬಾಗಿಲು ಮುಚ್ಚಿದಳು.

ಎರಡು ದಿನ ಹಾಗೆಯೇ ನಡೆಯಿತು. ವಿಲಾಯಿತಿಯಿಂದ ಮೂವರು ಮಂತ್ರಿಗಳು ದಿಲ್ಲಿಗೆ ಬಂದು ಸ್ವರಾಜ್ಯದ ಮಾತಾಡುತ್ತಿರುವುದು ಪೀರಮ್ಮನಿಗೆ ತಿಳಿಯಿತು. ಹೊರಗೆ ಬಸ್ಸಪ್ಪ ಬಾಗಿಲಿಗೆ ಕಿವಿ ಹಚ್ಚಿದರೆ ಕಲ್ಲಿನ ಗರಗರ ಬಿಟ್ಟು ಬೇರೇನೂ ಕೇಳಲಿಲ್ಲ. ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಗಾಳೆಪ್ಪ ನೀರಿನ ಕೊಡ ಹೊತ್ತು ಒಳಗೆ ಹೋಗುವಾಗಲೆಲ್ಲ, "ಸರೀಲೇ, ಸುದ್ದಿ ಕೇಳಬೇಕು" ಎಂದು ಅವನನ್ನು ದಾಟಿ ಹೋಗುತ್ತಿದ್ದ.

ಮೂರನೆಯ ದಿನ ಬಾಗಿಲು ಅರ್ಧ ತೆರೆದಿತ್ತು. ಓದು ಮುಗಿದು ಸವಾಲು ಶುರುವಾಯಿತು.

"ವಿಲಾಯಿತಿ ಪ್ರಧಾನಿ ಯಾರು?"

"ಅಟ್ಲಿ ಅನ್ನಾವ್ರಿ" ಎಂದಳು ಪೀರಮ್ಮ, ಮುಕ್ಕು ಹಾಕುತ್ತ.

"ಬಿಟ್ಟಿ ಚಾಕರಿ ಬಗ್ಗೆ ನಮ್ಮ ಸರ್ಕಾರದ ಕಾನೂನು ಏನೈತಿ?"

ಪೀರಮ್ಮನಿಗೆ ಗೊತ್ತಿರಲಿಲ್ಲ. ಬಸ್ಸಪ್ಪನಿಗೆ ತಡೆಯಲಾಗಲಿಲ್ಲ. ಕಾನೂನಿನ ಪುಸ್ತಕದ ಆ ಸಾಲು ಅವನಿಗೆ ಬಾಯಿಪಾಠ. ಹೊರಗಿನಿಂದಲೇ ಕೂಗಿದ: "ಯಾರ ಕೂಡಾನೂ ಬಿಟ್ಟಿ ಚಾಕರಿ ಮಾಡಿಸಿಕೊಳ್ಳೋದು ಮನಾ ಐತ್ರಿ, ಮಾಡಸಂಗಿಲ್ಲ! ಸರ್ಕಾರದ ಹುಕುಂ!"

ಕಲ್ಲು ನಿಂತಿತು.

"ಸಣ್ಣಧಣಿ, ಇನ್ನೊಮ್ಮೆ ಹೇಳ್ರಿ" ಎಂದಳು ಪೀರಮ್ಮ.

ಅವನು ಇನ್ನೊಮ್ಮೆ ಹೇಳಿದ. ಈ ಸಲ ಕೊನೆಯ ಮಾತಿಗೆ ಬರುವಷ್ಟರಲ್ಲಿ ದನಿ ಇಳಿದಿತ್ತು.

"ಇದು ಯಾವಾಗಿಂದ ಐತ್ರಿ?"

"ಭಾಳ ವರ್ಷ ಆತು."

"ನಮ್ಮತ್ತಿ ಸಾಯೂತನಕ ನಿಮ್ಮನಿಯಾಗ ಬೀಸಿದಳ್ರಿ. ನೀವು ತೊಟ್ಟಿಲದಾಗಿದ್ರಿ, ಒಂದು ಕೈಲೆ ನಿಮ್ಮನ್ನ ತೂಗತಿದ್ಲು, ಒಂದು ಕೈಲೆ ಬೀಸತಿದ್ಲು. ಆಗೂ ಇತ್ತೇನ್ರಿ ಈ ಹುಕುಂ?"

ಬಸ್ಸಪ್ಪ ವಹಿ ಮುಚ್ಚಿಟ್ಟ.

ಪೀರಮ್ಮ ಸೆರಗಿನ ಹಿಟ್ಟು ಕೊಡವಿ ಎದ್ದಳು. ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಬಳಿದು ಬುಟ್ಟಿಗೆ ಹಾಕಿ, ತನಗೂ ಆ ಕೆಲಸಕ್ಕೂ ಇದ್ದ ಸಂಬಂಧ ಮುಗಿಸಿದವಳಂತೆ ಕೈ ಝಾಡಿಸಿದಳು. ಬಸ್ಸಪ್ಪನನ್ನು ದಾಟಿ ಹೊರಟಳು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡು ದಾರಿ ಬಿಟ್ಟ. ಆಮೇಲೆ ಒಳಗೆ ಬಂದು ಕಲ್ಲಿನ ಮುಂದೆ ಕೂತ. ಯಾರೂ ಕರೆದಿರಲಿಲ್ಲ.

ಮರುದಿನ ಅಂಬಪ್ಪನ ಮನೆಗೆ ಪೀರಮ್ಮ ಹೋಗಲಿಲ್ಲ. ಪಾಟೀಲನ ಹೆಂಡತಿ ಪಾರ್ವತೆಮ್ಮ ಇಪ್ಪತ್ತು ವರ್ಷದ ಮೇಲೆ ಗೂಟ ಹಿಡಿದಳು, ನಾಲ್ಕು ಸುತ್ತು ತಿರುಗಿಸಿ ಬಿಟ್ಟಳು, ಗಂಡನಿಗೆ ಗಂಜಿ ಕೊಟ್ಟಳು. ಅಂಬಪ್ಪ ಹೊಟ್ಟೆಯಲ್ಲಿ ಗಂಜಿ, ತಲೆಯಲ್ಲಿ ಬೆಂಕಿ ಇಟ್ಟುಕೊಂಡು ಲಿಂಗಸುಗೂರಿಗೆ ಬಂದ.

"ಆಳು ಕೆಡಿಸಿದಿ, ಮಗನ್ನ ಕೆಡಿಸಿದಿ! ಈಗಿಂದೀಗ ಕಚೇರಿಗೆ ಹೋಗ್ತೀನಿ. ನಿನ್ನ ಗಂಡನ ಪಟ್ಟಾ ಬಿಚ್ಚಸ್ತೀನಿ!"

ಮೌಲಾಹುಸೇನ ಅಂಗಳದಲ್ಲೇ ಇದ್ದ. ಕೈ ತಾನಾಗಿ ಸೊಂಟದ ಪಟ್ಟಾದ ಮೇಲೆ ಹೋಯಿತು. ಹೆಂಡತಿಯಿದ್ದ ಪರದೆಯ ಕಡೆ ನೋಡಿದ, ಬೇಡ ಎಂಬಂತೆ.

ರಾಜಾಬೀ ಬುರ್ಖಾ ಹಾಕಿಕೊಂಡು ಪರದೆ ಸರಿಸಿ ಹೊರಗೆ ಬಂದಳು. ಕಂಕುಳಲ್ಲಿ ಹೊಲಿದ ಕಟ್ಟುಗಳು.

"ನಡೀರಿ ಪಾಟೀಲ್ರ, ನಾನೂ ಬರ್ತೀನಿ. ಸರ್ಕಾರದ ಪೇಪರು ಸರ್ಕಾರಕ್ಕ ಕೊಡ್ತೀನಿ. ಹಂಗಽ ಪೀರಮ್ಮನ್ನೂ ಕರಕೊಂಡು ಹೋಗೂಣು. ಬಿಟ್ಟಿ ಯಾರು ಮಾಡಸ್ತಾರ, ಮುಯ್ಯಿ ಯಾರು ಮಾಡಸ್ತಾರ, ಸಾಹೇಬ್ರು ಕೇಳ್ಲಿ. ಹುಕುಂ ಏನೈತಿ ಅನ್ನೋದನ್ನ ನಿಮ್ಮ ಮಗನಽ ಹೇಳ್ಲಿ. ಅವಗ ಬಾಯಿಪಾಠ ಐತಿ."

ಅಂಬಪ್ಪ ಮಗನ ಕಡೆ ತಿರುಗಿದ. "ಹೇಳ್ತೀಯೇನಲೇ?"

ಬಸ್ಸಪ್ಪ ಗೂಟ ಬಿಡಲಿಲ್ಲ. "ಸವಾಲು ಕೇಳಿದ್ರ ಹೇಳಬೇಕಾಕೈತಪ್ಪ. ಹಿಂದಕ ತಪ್ಪು ಹೇಳಿ ಬಿದ್ದೀನಿ."

ಗಾಳೆಪ್ಪ ಕೊಡದ ಹಿಂದೆ ಮುಖ ಮುಚ್ಚಿಕೊಂಡ. ಅಂಬಪ್ಪ ಕಚೇರಿಯ ದಾರಿಯನ್ನೊಮ್ಮೆ ನೋಡಿದ, ಊರ ದಾರಿಯನ್ನೊಮ್ಮೆ ನೋಡಿದ. ಬಂಡಿ ಊರ ದಾರಿ ಹಿಡಿಯಿತು. ಮೌಲಾಹುಸೇನ ಪಟ್ಟಾದ ಮೇಲಿನ ಕೈ ತೆಗೆದು ಹಣೆಯ ಬೆವರು ಒರೆಸಿಕೊಂಡ. "ಪೇಪರು ನಾಳೆ ಟಪಾಲಿಗೆ ಬರ್ತಾವ. ಹಳೇವು ಸಿಕ್ರ ತರ್ತೀನಿ" ಎಂದು ಯಾರಿಗೋ ಎಂಬಂತೆ ಹೇಳಿ ಕೆಲಸಕ್ಕೆ ಹೋದ.

ರಾಜಾಬೀ ಪರದೆಯ ಹಿಂದೆ ಹೋಗಿ ಕೂರುವಷ್ಟರಲ್ಲಿ ಪೀರಮ್ಮ ಬಂದಳು, ತಲೆಯ ಮೇಲೆ ಸಣ್ಣ ಬುಟ್ಟಿ.

"ಇದು ನಮ್ಮನಿ ಜೋಳ್ರಿ. ನಮ್ಮನ್ಯಾಗ ಕಲ್ಲಿಲ್ಲ" ಎಂದಳು. ಬಸ್ಸಪ್ಪನ ಎದುರು ಕೂತು ಗೂಟದ ಮೇಲೆ ಕೈಯಿಟ್ಟಳು. "ಸರೀರಿ ಸಣ್ಣಧಣಿ, ಒಬ್ಬರಽ ಹಿಡಕೊಂಡ್ರ ಹೆಂಗ? ಓದ್ರಿ ಅಕ್ಕಾ."