ಬಸ್ಸಿಗೆ ರೈಟ್ ಕೊಟ್ಟವನು

ನಿಘಂಟಿನಲ್ಲಿ ‘ರೈಟ್’ ಪದಕ್ಕೆ ಸರಿ, ಬಲಗಡೆ, ಹಕ್ಕು ಎಂದೆಲ್ಲ ಅರ್ಥಗಳಿವೆ. ಮೂಲದಲ್ಲಿ ನೆಟ್ಟಗಿರುವುದು ಎಂಬ ಅರ್ಥವಂತೆ. ಸಂಸ್ಕೃತದ ‘ಋಜು’ವಿಗೆ ದೂರದ ನೆಂಟ ಎಂದು ಕಾಲೇಜಿನ ಮಾಷ್ಟ್ರು ಹೇಳಿದ್ದರು. ಅವರ ಮೂಗುದನಿಯಲ್ಲೇ ಅದನ್ನು ನಾನು ಕ್ಯಾಂಟೀನಿನಲ್ಲಿ ಪುನಃ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ವಾಮದಪದವಿನಿಂದ ಬಂಟ್ವಾಳಕ್ಕೆ ಹೋಗುವ ನಮ್ಮ ಬಸ್ಸಿನಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ: ಹೊರಡು. ಕಂಡಕ್ಟರ್ ತುಳು ಬೆರೆಸಿ “ರೈಟ್, ಪೋಯಿ”, ಅಂದರೆ ರೈಟ್, ಹೋಗುವ, ಎಂದರೆ ಡ್ರೈವರ್ ಹಿಂದೆ ನೋಡುವುದಿಲ್ಲ. ಬಾಗಿಲ ಕಡೆಯ ಕನ್ನಡಿ ಒಡೆದು ವಾರವಾದರೂ ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ಆ ಬೆಳಿಗ್ಗೆ ಕಂಡಕ್ಟರ್ ಕೆಳಗಿಳಿದು ಹಿಂದಿನ ಡಿಕ್ಕಿಗೆ ಹಿಂಡಿಯ ಗೋಣಿ ಹಾಕುತ್ತಿದ್ದರು. ಕೊನೆಯ ಸೀಟಿನಲ್ಲಿದ್ದ ನನಗೆ ಗೆಳೆಯನೊಬ್ಬ ಕಣ್ಣು ಹೊಡೆದ. ನನಗೆ ಅಷ್ಟು ಸಾಕು. ಕಂಡಕ್ಟರರದೇ ಗಂಟಲಿನಲ್ಲಿ ಕೂಗಿದೆ: “ರೈಟ್, ಪೋಯಿ!”

ಬಸ್ಸು ಹೊರಟೇಬಿಟ್ಟಿತು. ಬೀಡಿ ಕಟ್ಟು ಹಿಡಿದು ಹಿಂಬಾಗಿಲಿಗೆ ಹತ್ತುತ್ತಿದ್ದ ಅಜ್ಜಿಯ ಒಂದು ಕಾಲು ಮೆಟ್ಟಿಲಿನಲ್ಲಿ, ಇನ್ನೊಂದು ರಸ್ತೆಯಲ್ಲಿ. ಕಂಬಿಗೆ ಜೋತುಬಿದ್ದರು. ಊರಿನವರೆಲ್ಲರ ದನಿ ತೆಗೆಯುವ ನನ್ನ ಬಾಯಿಂದ ಆಗ ಒಂದು ದನಿಯೂ ಹೊರಡಲಿಲ್ಲ.

“ಹೋಲ್ಡಾನ್! ಹೋಲ್ಡಾನ್!” ಕಂಡಕ್ಟರ್ ಓಡಿಬಂದು ತಗಡು ಬಡಿದರು. ಬಸ್ಸು ನಿಂತಿತು. ಒಳಗಿದ್ದವರು ಅಜ್ಜಿಯನ್ನು ಎಳೆದುಕೊಂಡರು. ಮೊಣಕಾಲು ತರಚಿತ್ತು, ಅಷ್ಟೇ.

ಡ್ರೈವರ್ ಇಳಿದು ಕಂಡಕ್ಟರರ ಎದುರಿಗೆ ಬಂದರು. “ನಿಂಗೆ ತಲೆ ಸಮ ಉಂಟಾ ಮಾರಾಯ? ಜನ ಹತ್ತುವಾಗ ರೈಟ್ ಕೊಡುದಾ?”

“ನಾನು ಕೊಡ್ಲೇ ಇಲ್ಲ!”

“ಹತ್ತು ವರ್ಷದಿಂದ ಕೇಳ್ತಾ ಇದ್ದೇನೆ. ನಿನ್ನ ಸ್ವರ ನಂಗೆ ಗೊತ್ತಿಲ್ವಾ?”

ಮುಂದಿನ ಸೀಟಿನವರೊಬ್ಬರು ಆಗಲೇ ಬಸ್ಸಿನ ಧಣಿಗೆ ಫೋನ್ ಮಾಡಿದ್ದರು. “ಈ ಕಂಡಕ್ಟರನ್ನು ಇವತ್ತೇ ತೆಗೀರಿ ನೀವು.”

ಕಣ್ಣು ಹೊಡೆದವನು ಮೊಬೈಲಿನೊಳಗೆ ತಲೆ ಹುದುಗಿಸಿದ್ದ.

“ಅದು ನಾನು,” ಎಂದೆ. ನನ್ನ ಸ್ವಂತ ದನಿ, ಯಾರೂ ನಂಬಲಿಲ್ಲ.

“ಅವನನ್ನು ಉಳಿಸ್ಲಿಕ್ಕೆ ಹೇಳುದಾ? ಹಾಗಾದ್ರೆ ಹೇಳಿ ತೋರ್ಸು,” ಎಂದರು ಫೋನಿನವರು.

“ನಿಲ್ಲು ಮಗಾ,” ಎಂದರು ಅಜ್ಜಿ. “ನಾನು ಮೊದ್ಲು ಕೂತ್ಕೊಳ್ತೇನೆ.”

ಯಾರೂ ನಗಲಿಲ್ಲ. ಅವರು ಕೂತ ಮೇಲೆ ಕೂಗಿದೆ. ರಸ್ತೆಯಲ್ಲಿ ನಿಂತಿದ್ದ ಡ್ರೈವರರ ಎಡಗೈ, ಅಲ್ಲಿಲ್ಲದ ಗೇರನ್ನು ಹುಡುಕಿಕೊಂಡು, ಮುಂದೆ ಚಾಚಿತು. ಫೋನಿನವರು ಫೋನ್ ಕೆಳಗಿಳಿಸಿದರು.

ಕಂಡಕ್ಟರ್ ನನ್ನನ್ನು ಬೈಯಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಚಪ್ಪಲಿ ತಂದು ಅಜ್ಜಿಯ ಕಾಲ ಬಳಿ ಇಟ್ಟು, “ಇಳಿ” ಎಂದರು. ಇಳಿದೆ. ಡ್ರೈವರ್ ತನ್ನ ಸೀಟಿಗೆ ಮರಳಿದ ಮೇಲೆ ಕಂಡಕ್ಟರ್ ಬಾಗಿಲು ಹಿಡಿದು, ಹಿಂದೆ ಮುಂದೆ ನೋಡಿ, “ರೈಟ್, ಪೋಯಿ” ಎಂದರು.

ಬಸ್ಸು ಕದಲಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು: “ಇದು ನೀನಾ?”